ನಾಲ್ಕನೇ ಸೀಟಿನ ತೂಕ

"ಚಪ್ಪಲಿ ಬಿಚ್ಚೋದು ಬೇಡ ಸಾರ್. ಬ್ಯಾಗು ಕೈಯಲ್ಲೇ ಇರ್ಲಿ. ಸುಮ್ನೆ ಹತ್ತಿ ನಿಂತ್ಕೊಳ್ಳಿ."

ನಾನು ಹತ್ತಲಿಲ್ಲ. ಮೂಟೆ ತೂಗುವ ಯಂತ್ರವೊಂದನ್ನು ವಿಮಾನಕ್ಕೆ ಹೋಗುವ ಬಾಗಿಲಲ್ಲಿ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ದುರುಗುಟ್ಟಿ ನೋಡಿದೆ. ಐವತ್ತು ದಾಟಿದ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ನು. ಸಾಮಾನು ಹೊರುವವರು ಆಕೆಯನ್ನು ತಕ್ಕಡಿ ಅಕ್ಕ ಎಂದು ಕರೆಯುತ್ತಿದ್ದರು.

"ಯಾಕಮ್ಮಾ, ನನ್ನನ್ನ ಕಿಲೋ ಲೆಕ್ಕದಲ್ಲಿ ಮಾರೋಕಿದ್ಯಾ?"

"ಕೊಳ್ಳೋರು ಸಿಗ್ಬೇಕಲ್ಲಾ ಸಾರ್," ಎಂದಳು ಆಕೆ ತಲೆಯನ್ನೂ ಎತ್ತದೆ. "ಇವತ್ತು ಬಿಸಿಗಾಳಿ. ಈ ಗುಡ್ಡದ ಮೇಲೆ ರನ್‌ವೇ ಗಿಡ್ಡ. ಸೆಕೆ ಜಾಸ್ತಿ ಆದ ದಿನ ವಿಮಾನ ಭಾರ ಎತ್ತಲ್ಲ. ಒಬ್ಬೊಬ್ಬರನ್ನೂ ತೂಗಿಯೇ ಬಿಡಬೇಕು. ಹತ್ತಿ, ಹಿಂದೆ ಜನ ಇದ್ದಾರೆ."

ಹತ್ತಿದೆ. ಯಂತ್ರದ ಮುಖ ಆಕೆಯ ಕಡೆಗಿತ್ತು. ಮುಳ್ಳು ಎಲ್ಲಿ ನಿಂತಿತೋ ನನಗೆ ಕಾಣಲಿಲ್ಲ. ಆದರೆ ಇಪ್ಪತ್ತು ವರ್ಷ ವಿಮಾ ಕಂಪನಿಗೆ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಟ್ಟು, ಆಮೇಲೆ ಸ್ವಂತ ಪತ್ತೇದಾರಿಗೆ ಇಳಿದವನು ನಾನು. ಎದುರಿನವರ ಕಾಗದವನ್ನು ತಲೆಕೆಳಗಾಗಿ ಓದುವುದು ರೂಢಿಯಾಗಿಬಿಟ್ಟಿದೆ. ಆಕೆ ಬರೆದದ್ದು ಇಷ್ಟೇ: ಸೀಟು ಒಂಬತ್ತು, ಎಂಬತ್ತಾರು.

ಹೆಸರಿಲ್ಲ. ಸೀಟು ಮತ್ತು ತೂಕ, ಎರಡೇ.

ನನ್ನ ಕಾಲು ಯಂತ್ರದ ಮೇಲೇ ಅಂಟಿಕೊಂಡಿತು.

"ಇಳೀರಿ ಸಾರ್. ಇನ್ನೂ ನಿಂತ್ರೆ ಕಮ್ಮಿ ಆಗಲ್ಲ."

"ಅಕ್ಕಾ, ಈ ಹಾಳೆ ಆಮೇಲೆ ಏನಾಗುತ್ತೆ?"

"ಒಂದು ಪ್ರತಿ ಪೈಲಟ್‌ಗೆ. ಒಂದು ನನ್ನ ಕಪಾಟಿಗೆ. ತೊಂಬತ್ತು ದಿನ ಇಟ್ಟು ಆಮೇಲೆ ಸುಡ್ತೀವಿ. ಯಾಕೆ?"

ನಾನು ಬೆರಳು ಮಡಿಸಿ ಎಣಿಸಿದೆ. ತಂಗಿಯ ಗಂಡ ಸತ್ತು ಇವತ್ತಿಗೆ ಎಂಬತ್ತೆಂಟನೇ ದಿನ.

ಅವಳು ಕೊಂದಳೆಂದು ಹಿಡಿದುಕೊಂಡು ಹೋಗಿ ಕೆಳಗಿನ ಕಡಲ ದಂಡೆಯ ಊರಿನ ಜೈಲಿನಲ್ಲಿ ಇಟ್ಟಿದ್ದಾರೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ನ್ಯಾಯಾಧೀಶರ ಮುಂದೆ ನಿಂತು ಅವಳು "ನಾನೇ ಕೊಂದೆ" ಎಂದು ಒಪ್ಪಿಕೊಳ್ಳುವವಳಿದ್ದಳು. ಅವಳು ಕೊಂದಿಲ್ಲ. ಆದರೆ ಒಪ್ಪಿಕೊಂಡರೆ ಏಳು ವರ್ಷ, ಒಪ್ಪದೆ ಸೋತರೆ ಜೀವಾವಧಿ ಎಂದು ನಮ್ಮ ಲಾಯರಮ್ಮ ಲೆಕ್ಕ ಹೇಳಿದ್ದರು. ಈಗ ಇದೇ ಊರಲ್ಲಿ ನನ್ನ ಮನೆಯಲ್ಲಿರುವ ಅವಳ ಮಗಳು ಪುಟ್ಟಿಗೆ ಎಂಟು. "ಹದಿನೈದಕ್ಕಾದ್ರೂ ಸಿಗ್ತೀನಲ್ಲ ಅಣ್ಣಾ" ಎಂದಿದ್ದಳು ತಂಗಿ, ಜೈಲಿನ ಜಾಲರಿಯ ಆಚೆಯಿಂದ. ಆ ಮಾತು ಕೇಳಿದ ದಿನದಿಂದ ನನಗೆ ಅನ್ನ ಸೇರಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ವಿಮಾನ. ಆ ದಿನ ಬೆಳಗ್ಗೆ ಹತ್ತು ನಲವತ್ತರ ವಿಮಾನದಲ್ಲಿ, ನಾಲ್ಕನೇ ಸೀಟಿನಲ್ಲಿ, ತಂಗಿಯ ಹೆಸರಿನವಳು ಕೂತಿದ್ದಳು. ಗುರುತಿನ ಚೀಟಿಯೂ ಅವಳದೇ. ಹನ್ನೊಂದು ಮೂವತ್ತೈದಕ್ಕೆ ಕೆಳಗೆ ಇಳಿದಳು. ಹನ್ನೆರಡೂ ಕಾಲಿಗೆ ಅವಳಿಂದ ದೂರವಾಗಿ ಅಲ್ಲೇ ಇದ್ದ ಅವಳ ಗಂಡ ತನ್ನ ಮನೆಯಲ್ಲಿ ಹೆಣವಾದ.

ಅವತ್ತು ತಾನು ಊರು ಬಿಟ್ಟು ಕದಲಲೇ ಇಲ್ಲ ಎನ್ನುತ್ತಾಳೆ ತಂಗಿ. ಸಂಜೆ ನಾಲ್ಕೂವರೆಗೆ ಇದೇ ಗುಡ್ಡದ ಊರಿನಲ್ಲಿ, ಅವಳ ಮನೆಯ ಮೆಟ್ಟಿಲ ಮೇಲೆ, ಹಾಲು ಹಾಕುವ ಅಜ್ಜಿ ಅವಳನ್ನು ಕಂಡಿದ್ದಾಳೆ. ವಾಪಸು ವಿಮಾನ ಮಾರನೆಯ ದಿನ. ಆಕಾಶದಲ್ಲಿ ಈ ಎರಡು ಊರುಗಳ ನಡುವೆ ನೂರ ಹದಿನೆಂಟು ಕಿಲೋಮೀಟರು. ನೆಲದ ಮೇಲೆ ಇನ್ನೂರ ಅರವತ್ಮೂರು, ಜತೆಗೆ ನಲವತ್ತೊಂದು ತಿರುವು. ನನ್ನ ಕಾರಿನಲ್ಲಿ ಐದು ಸಲ ಓಡಿಸಿ ನೋಡಿದ್ದೇನೆ. ಸಾಮಾನ್ಯಕ್ಕೆ ಐದು ಗಂಟೆ ನಲವತ್ತು ನಿಮಿಷ. ಪ್ರಾಣದ ಮೇಲೆ ಆಸೆ ಬಿಟ್ಟು ಓಡಿಸಿದರೆ ಐದು ಗಂಟೆ ಹತ್ತು. ಹನ್ನೆರಡೂ ಕಾಲಿಗೆ ಅಲ್ಲಿ ಕೊಲೆ ಮಾಡಿ ನಾಲ್ಕೂವರೆಗೆ ಇಲ್ಲಿ ಹಾಲು ತೆಗೆದುಕೊಳ್ಳಲು ಯಾರಪ್ಪನಿಂದಲೂ ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರ ಮೇಜು ಕುಟ್ಟಿ ಹೇಳಿದ್ದೆ.

ಆ ಮನುಷ್ಯ ತನ್ನ ಜೀಪು ತೆಗೆದು, ಸೈರನ್ ಹಾಕಿಸಿ, ನಾಲ್ಕು ಗಂಟೆ ಐದು ನಿಮಿಷದಲ್ಲಿ ಗುಡ್ಡ ಹತ್ತಿ ತೋರಿಸಿದ. "ನಾಲ್ಕು ಇಪ್ಪತ್ತಕ್ಕೆ ಮನೆ ಸೇರ್ತಾಳೆ. ಯಾವ್ದೋ ಬಾಡಿಗೆ ಕಾರು, ಹುಡುಕ್ತೀವಿ ಬಿಡಿ. ಮುಖ ತೊಳ್ಕೊಳ್ಳೋಕೆ ಇನ್ನೂ ಹತ್ತು ನಿಮಿಷ ಉಳಿಯುತ್ತೆ ಸ್ವಾಮಿ" ಎಂದು ನಕ್ಕ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಅವನ ತಲೆ ತಿಂದೆ. ಈಗ ನನ್ನ ನಂಬರು ಕಂಡರೆ ಎತ್ತುವುದಿಲ್ಲ.

ಮೂರು ತಿಂಗಳು ರಸ್ತೆ ಅಳೆದೆ, ಗಡಿಯಾರ ಅಳೆದೆ. ವಿಮಾನದಲ್ಲಿ ಕೂತವಳ ತೂಕವನ್ನು ಯಾರೋ ಅಳೆದಿಟ್ಟಿದ್ದಾರೆಂದು ಕನಸಿನಲ್ಲೂ ಹೊಳೆಯಲಿಲ್ಲ.

"ಅಕ್ಕಾ, ಎಂಬತ್ತೆಂಟು ದಿನದ ಹಿಂದಿನ ಹಾಳೆ ಒಂದನ್ನ ನೋಡ್ಬೇಕು. ಇದೇ ವಿಮಾನದ್ದು."

"ಆಗಲ್ಲ ಸಾರ್."

"ಅವತ್ತು ತೂಗಿದ್ರಾ? ಅದನ್ನಾದ್ರೂ ಹೇಳಿ."

"ಮೂವತ್ತನಾಲ್ಕು ಡಿಗ್ರಿ ದಾಟಿದ್ರೆ ತೂಗ್ತೀವಿ, ಇಲ್ದಿದ್ರೆ ಇಲ್ಲ. ಯಾವತ್ತು ಎಷ್ಟಿತ್ತು ಅಂತ ನನಗೇನು ನೆನಪಿರುತ್ತೆ?"

ನನಗೆ ನೆನಪಿತ್ತು. ಹಾಲಿನ ಅಜ್ಜಿ ನೂರು ಸಲ ಹೇಳಿದ್ದಳು: "ಬೆಳಗ್ಗಿನ ಹಾಲೆಲ್ಲಾ ಬಿಸಿಲಿಗೆ ಒಡೆದೋಯ್ತಪ್ಪಾ, ಅದಕ್ಕೇ ಅವತ್ತು ಸಂಜೆ ಇನ್ನೊಂದ್ಸಲ ಬಂದೆ." ಅಜ್ಜಿಯ ವ್ಯಾಪಾರದ ಗೋಳೆಂದು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ.

"ತೂಗಿದ್ದೀರ ಅಕ್ಕಾ. ಅವತ್ತು ಹಾಲು ಒಡೆದಿತ್ತು."

ಆಕೆ ಮೊದಲ ಬಾರಿಗೆ ತಲೆಯೆತ್ತಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಹುಚ್ಚನೋ ಕುಡಿದವನೋ ಎಂದು ತೀರ್ಮಾನಿಸುವ ನೋಟ ಅದು.

ಉಳಿದ ಎಂಟು ಜನರನ್ನು ಆಕೆ ತೂಗಿ ಕಳಿಸುವ ತನಕ ಗೋಡೆಗೆ ಒರಗಿ ನಿಂತೆ. ಆಮೇಲೆ ಎದುರಿಗೆ ಹೋಗಿ ಎಲ್ಲವನ್ನೂ ಒದರಿದೆ. ನಾಚಿಕೆ, ಮಾನ, ಜಂಬ ಎಲ್ಲ ಬಿಟ್ಟು ಒದರಿದೆ. ಪುಟ್ಟಿಯ ವಿಷಯವನ್ನೂ ಬಿಡಲಿಲ್ಲ. "ನಿನ್ನೆ ಆ ಮಗು ಕೇಳ್ತು ಅಕ್ಕಾ, ಮಾಮ, ಅಮ್ಮ ಎಷ್ಟು ದೂರದಲ್ಲಿದ್ದಾಳೆ ಅಂತ. ವಿಮಾನದಲ್ಲಾದ್ರೆ ಒಂದು ಗಂಟೆನೂ ಇಲ್ಲ ಪುಟ್ಟಿ ಅಂದೆ. ಹಂಗಾದ್ರೆ ಯಾಕೆ ಬರಲ್ಲ ಅಂತು. ಏನು ಹೇಳ್ಲಿ ನಾನು? ನಿಮ್ಮ ಕಾಲು ಹಿಡ್ಕೊಳ್ತೀನಿ, ಆ ಕಪಾಟು ತೆಗೀರಿ."

"ಕಾಲು ಗೀಲು ಹಿಡೀಬೇಡಿ, ಜನ ನೋಡ್ತಾರೆ." ಆಕೆ ಅತ್ತಿತ್ತ ನೋಡಿದಳು. "ಪೊಲೀಸ್ನೋರು ಬಂದಿದ್ರಲ್ಲ. ಹೆಸರಿನ ಪಟ್ಟಿ ತಗೊಂಡು ಹೋದ್ರು. ತೂಕದ ಹಾಳೆ ಯಾರೂ ಕೇಳ್ಲೇ ಇಲ್ಲ."

"ನಾನು ಕೇಳ್ತಿದ್ದೀನಲ್ಲಾ."

"ಕೇಳೋಕೆ ನೀವ್ಯಾರು? ಮ್ಯಾನೇಜರ್ ಸಹಿ ಇಲ್ದೆ ಹಾಳೆ ಹೊರಗೆ ಹೋಗೋ ಹಾಗಿಲ್ಲ. ಅವರು ಬರೋದು ಮಧ್ಯಾಹ್ನ."

"ಹೊರಗೆ ಬೇಡ. ನಿಮ್ಮ ಕೈಯಲ್ಲೇ ಇರ್ಲಿ. ನಾಲ್ಕನೇ ಸೀಟು, ಅದೊಂದು ಸಾಲು ಓದಿ ಹೇಳಿ."

ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿದಳು. ಆಮೇಲೆ ಸೊಂಟದ ಬೀಗದಕೈ ತೆಗೆದು, ಬೆನ್ನ ಹಿಂದಿನ ಕಬ್ಬಿಣದ ಕಪಾಟು ಬಾಗಿಲು ಕಿರ್ರೆನ್ನುವಂತೆ ಎಳೆದಳು. ದಾರ ಕಟ್ಟಿದ ಕಟ್ಟು, ಹಳದಿ ಹಾಳೆಗಳು. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ತಿರುವಿದಳು.

"ಮೂವತ್ತೇಳು ಡಿಗ್ರಿ. ಹೌದು, ತೂಗಿದ್ದೀವಿ. ನಿಮ್ಮ ತಂಗಿ ತೂಕ ಎಷ್ಟು?"

"ಜೈಲಿಗೆ ಸೇರಿಸ್ಕೊಂಡ ದಿನ ಅಲ್ಲಿನ ಡಾಕ್ಟರು ತೂಗಿದ್ದಾರೆ. ಎಪ್ಪತ್ತೊಂಬತ್ತು. ಪೊಲೀಸರ ಕಾಗದದಲ್ಲೇ ಇದೆ. ನಾವು ಮನೇಲಿ ಅವಳನ್ನ ಗುಂಡಿ ಅಂತಾನೇ ರೇಗಿಸ್ತಿದ್ದದ್ದು."

ಆಕೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಸಾಲಿನ ಕೆಳಗೆ ಉಗುರು ಇಟ್ಟಳು.

ಸೀಟು ನಾಲ್ಕು. ನಲವತ್ತನಾಲ್ಕು.

"ಬ್ಯಾಗು ಸೇರಿ," ಎಂದಳು.

ಮೂರು ತಿಂಗಳಲ್ಲಿ ಮೊದಲ ಸಲ ಅಳು ಬಂತು. ಎಂಥ ಪತ್ತೇದಾರನಯ್ಯಾ ನೀನು ಎಂದು ಯಾರಾದರೂ ಕೇಳಿದ್ದರೆ ಹೌದಪ್ಪಾ ಎನ್ನುತ್ತಿದ್ದೆ. ಮೂವತ್ತೈದು ಕಿಲೋ ವ್ಯತ್ಯಾಸ! ಒಂದು ಮಗುವಿನಷ್ಟು ಭಾರ! ಇನ್ಸ್‌ಪೆಕ್ಟರ ಜೀಪು ಎಷ್ಟೇ ಜೋರಾಗಿ ಓಡಿದರೂ ಇದನ್ನು ದಾಟಲಾರದು.

"ಮುಖ ನೆನಪಿದ್ಯಾ ಅಕ್ಕಾ?"

"ನಾನು ಮುಖ ನೋಡಲ್ಲ ಸಾರ್, ಮುಳ್ಳು ನೋಡ್ತೀನಿ. ಆದ್ರೂ, ಚೀಟಿಯಲ್ಲಿ ಫೋಟೋ ಇರುತ್ತಲ್ಲ? ಬಾಗಿಲಲ್ಲಿ ನೋಡಲ್ವಾ?"

"ಫೋಟೋ ಅವಳ ಮದುವೆ ವರ್ಷದ್ದು. ಆಗ ಕಡ್ಡಿ ಹಾಗಿದ್ಲು."

"ಮತ್ತೆ ಚೀಟಿ ಇನ್ನೊಬ್ಬಳ ಕೈಗೆ ಹೆಂಗೆ ಹೋಯ್ತು?"

ಅದೊಂದು ಕಗ್ಗಂಟಾಗಿಯೇ ಉಳಿದಿತ್ತು. ತಂಗಿಯ ವಿಚ್ಛೇದನದ ಅರ್ಜಿ ಬರೆದದ್ದೂ ಇದೇ ಲಾಯರಮ್ಮ. ಕೊಲೆಯ ಹಿಂದಿನ ದಿನ ಅವರೇ ಗುಡ್ಡ ಹತ್ತಿ ಬಂದು ಸಹಿ ಹಾಕಿಸಿಕೊಂಡು ಸಂಜೆಗೆ ಹೊರಟುಹೋದರು. ಚೀಟಿ ನೋಡಿ ಅಲ್ಲೇ ವಾಪಸು ಕೊಟ್ಟೆ ಎನ್ನುತ್ತಾರೆ ಅವರು. ಕೊಡಲೇ ಇಲ್ಲ ಎನ್ನುತ್ತಾಳೆ ತಂಗಿ. ತರಕಾರಿ ಅಂಗಡಿಯಲ್ಲಿ ಪರ್ಸು ಬಿಟ್ಟು, ಬಸ್ಸಿನಲ್ಲಿ ಕೊಡೆ ಬಿಟ್ಟು ಬರುವ ಮರೆಗುಳಿ ಅವಳು. ಎಲ್ಲೋ ಬೀಳಿಸಿಕೊಂಡಿರುತ್ತಾಳೆ, ಯಾರಿಗೋ ಸಿಕ್ಕಿರುತ್ತದೆ ಎಂದುಕೊಂಡಿದ್ದೆ.

ಗಡಿಯಾರ ಹತ್ತು ಇಪ್ಪತ್ತೆಂಟು ತೋರಿಸುತ್ತಿತ್ತು. ಲಾಯರಮ್ಮನಿಗೆ ಫೋನು ಹಚ್ಚಿದೆ.

ಮುಷ್ಟಿಯಷ್ಟು ಹೆಂಗಸು, ಆದರೆ ದನಿ ಕಂಚು. ಆಚೆ ಕೋರ್ಟಿನ ಕಲ್ಲುಹಾಸಿನ ಮೇಲೆ ಅವರ ಕೋಲು ಟಕ್ ಟಕ್ ಎನ್ನುವುದು ಇಲ್ಲಿಗೂ ಕೇಳುತ್ತಿತ್ತು.

"ಅಮ್ಮಾ, ಸಿಕ್ತು! ಅವಳಲ್ಲ ಹೋದದ್ದು! ತೂಕದ ಹಾಳೆ ಇದೆ, ನಲವತ್ತನಾಲ್ಕು ಕಿಲೋ!"

ಟಕ್ ಟಕ್ ನಿಂತಿತು.

"ಯಾವ ಹಾಳೆ? ನಿಧಾನಕ್ಕೆ ಹೇಳಿ."

ಹೇಳಿದೆ. ಏದುಸಿರು ಬಿಡುತ್ತಾ ಒಂದೇ ಗುಟುಕಿನಲ್ಲಿ ಹೇಳಿದೆ.

"ಭೇಷ್," ಎಂದರು ಕೊನೆಗೆ. "ನಿಮ್ಮಂಥ ಅಣ್ಣ ಇರ್ಬೇಕು ನೋಡಿ. ಈಗ ನಾನು ಹೇಳೋದನ್ನ ಸರಿಯಾಗಿ ಕೇಳಿ. ಫೋಟೋ ತೆಗೆದ್ಕೊಂಡು ಓಡಿ ಬರ್ಬೇಡಿ. ಅಣ್ಣ ತೆಗೆದ ಫೋಟೋ ಅಂದ್ರೆ ಸರ್ಕಾರಿ ವಕೀಲ ನಕ್ಕುಬಿಡ್ತಾನೆ. ಮೂಲ ಹಾಳೆ ಬೇಕು, ಮ್ಯಾನೇಜರ್ ಸಹಿ ಬೇಕು. ನೀವು ಅಲ್ಲೇ ಕೂತು ಅದನ್ನ ಕಾಯಿರಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯಿರಿ."

"ಮೂರು ಗಂಟೆಗೆ ಅವಳು..."

"ನಾನಿಲ್ವಾ? ಒಂದು ವಾರ ಮುಂದಕ್ಕೆ ಹಾಕಿಸ್ತೀನಿ. ನನ್ನ ಗುಮಾಸ್ತನ್ನ ಇಲ್ಲಿಂದ ಈಗಲೇ ಕಾರಲ್ಲಿ ಹೊರಡಿಸ್ತೀನಿ. ಸಂಜೆ ಹೊತ್ತಿಗೆ ಬಂದು ಸೇರ್ತಾನೆ. ಹಾಳೆ ಅವನ ಕೈಗೆ ಕೊಡಿ, ಬೇರೆ ಯಾರಿಗೂ ತೋರಿಸ್ಬೇಡಿ. ಅರ್ಥ ಆಯ್ತಾ?"

ಅರ್ಥವಾಗದೆ ಏನು. ಕಾನೂನು ಬಲ್ಲವರು ಹೇಳಿದ ಮೇಲೆ ಮುಗಿಯಿತು. ಒಂಬತ್ತನೇ ಸೀಟು ಬಿಟ್ಟುಕೊಟ್ಟೆ. ನನ್ನ ಎಂಬತ್ತಾರು ಕಿಲೋಗಳನ್ನು ಹಾಳೆಯಿಂದ ಹೊಡೆದುಹಾಕುತ್ತಾ ತಕ್ಕಡಿ ಅಕ್ಕ, "ಪೈಲಟ್ ಖುಷಿಪಡ್ತಾನೆ" ಎಂದಳು.

ಹತ್ತು ಐವತ್ತಕ್ಕೆ ವಿಮಾನ ರನ್‌ವೇಯ ತುದಿಯಿಂದ ಎದ್ದಿತು. ಕಿಟಕಿಯ ಗಾಜಿಗೆ ಹಣೆ ಒತ್ತಿ ಅದು ಚುಕ್ಕಿಯಾಗುವ ತನಕ ನೋಡಿದೆ. ಐವತ್ತೈದರಲ್ಲಿ ಮೂವತ್ತೆರಡು ನಿಮಿಷ ಆಕಾಶದಲ್ಲಿ, ಉಳಿದದ್ದು ನೆಲದ ಮೇಲೆ ಹತ್ತುವುದಕ್ಕೆ ಇಳಿಯುವುದಕ್ಕೆ. ನನಗೆ ಬಾಯಿಪಾಠವಾಗಿತ್ತು. ಇನ್ನು ಅವಸರವಿಲ್ಲ, ಒಂದು ವಾರವಿದೆ ಎಂದುಕೊಂಡೆ. ಮನೆಗೆ ಫೋನು ಮಾಡಿ ಪುಟ್ಟಿಗೆ, "ಅಮ್ಮ ಹತ್ರ ಬಂದ್ಲು ಕಣೇ" ಎಂದು ಹೇಳಿಯೂ ಬಿಟ್ಟೆ. ಮೂರು ತಿಂಗಳ ನಂತರ ಆ ಮಗು ನಕ್ಕದ್ದು ಕೇಳಿಸಿತು.

ತಕ್ಕಡಿ ಅಕ್ಕ ಒಂದು ಲೋಟ ಚಹಾ ತಂದಿಟ್ಟಳು. ಆಮೇಲೆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು ಗೊಣಗಿದಳು.

"ನಲವತ್ತನಾಲ್ಕೂ ಇರಲಿಕ್ಕಿಲ್ಲ ಅವಳು. ಇಲ್ಲಿ ನಕ್ಷತ್ರ ಗುರುತು ಹಾಕಿದ್ದೀನಿ. ಅಂದ್ರೆ ಅವಳ ಸಾಮಾನು ಯಾವುದೋ ತೆಗೆದು ಹಿಂದಿನ ಗೂಡಲ್ಲಿ ಇಟ್ಟಿದ್ದೀವಿ."

"ಯಾವ ಸಾಮಾನು?"

"ಹಿಂದೆ ಬರೆದಿರ್ತೀನಿ. ಬರೀದಿದ್ರೆ ಇಳಿದ ಮೇಲೆ ಜಗಳಕ್ಕೆ ಬರ್ತಾರೆ, ನಂದು ಹಿಂಗಿತ್ತು, ಹಂಗಿತ್ತು ಅಂತ."

ಹಾಳೆ ಮಗುಚಿದಳು. ಅಲ್ಲಿ ಆಕೆಯ ದುಂಡು ಅಕ್ಷರದಲ್ಲಿ ಒಂದೇ ಸಾಲು ಇತ್ತು.

ಸೀಟು ನಾಲ್ಕು: ಊರುಗೋಲು ಒಂದು. ಕರಿಮರ, ಬೆಳ್ಳಿ ಹಿಡಿ, ಹಿಡಿಯ ಮೇಲೆ ಹಕ್ಕಿಯ ತಲೆ. ಕೊಕ್ಕು ಸ್ವಲ್ಪ ಮುಕ್ಕು.

ಚಹಾ ಲೋಟ ಕೈಯಿಂದ ಜಾರಿ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾಗಲಿಲ್ಲ.

ಆ ಮುಕ್ಕಾದ ಕೊಕ್ಕನ್ನು ನಾನು ಮೂರು ತಿಂಗಳಿಂದ ನೋಡುತ್ತಿದ್ದೇನೆ. ಲಾಯರಮ್ಮನ ಮೇಜಿನ ಆಚೆ ಬದಿಯಲ್ಲಿ, ನನ್ನ ಮೂಗಿನ ನೇರಕ್ಕೆ. "ಒಪ್ಪಿಕೊಳ್ಳೋದೇ ಒಳ್ಳೇದು" ಎನ್ನುವಾಗಲೆಲ್ಲ ಅದನ್ನು ಮೇಜಿಗೆ ಕುಟ್ಟುತ್ತಿದ್ದರು. ಇವತ್ತೂ ಕೇಳಿದೆನಲ್ಲ, ಟಕ್ ಟಕ್, ಫೋನಿನಲ್ಲಿ!

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಬೇಲಿಗೇ ಹೋಗಿ ದೂರು ಹೇಳಿ ಬಂದಿದ್ದೆ.

"ಚೀಟಿ ಲಾಯರಮ್ಮನ ಹತ್ರಾನೇ ಇತ್ತು ಅಣ್ಣಾ," ಎಂದು ತಂಗಿ ಮೊದಲ ವಾರವೇ ಅಳುತ್ತಾ ಹೇಳಿದ್ದಳು. "ಸುಮ್ನಿರೇ, ನಿನಗೆ ಯಾವತ್ತು ಏನು ನೆನಪಿದೆ" ಎಂದು ಗದರಿದ್ದೆ. ಒಡಹುಟ್ಟಿದವಳ ಮಾತು ಬಿಟ್ಟು ಹೊರಗಿನವರ ಮಾತು ನಂಬಿದ ಪಾಪಿ ನಾನು. ಹಾಳಾಗಿ ಹೋಗಲಿ ನನ್ನ ಪತ್ತೇದಾರಿ!

"ಏನಾಯ್ತು ಸಾರ್?"

"ಮುಂದಕ್ಕೆ ಹಾಕಿಸಲ್ಲ ಅವರು," ಎಂದೆ. "ಮೂರು ಗಂಟೆಗೆ ನನ್ನ ತಂಗಿ ಬಾಯಲ್ಲಿ ಹೇಳಿಸಿಯೇ ಬಿಡ್ತಾರೆ. ಹೇಳಿಬಿಟ್ರೆ ಮುಗೀತು ಅಕ್ಕಾ."

ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕತ್ತರಿಸಿದ. ತಕ್ಕಡಿ ಅಕ್ಕನ ಫೋನಿನಿಂದ ಮಾಡಿದೆ. ನನ್ನ ದನಿ ಕೇಳುತ್ತಲೇ "ಕೋರ್ಟಿನಲ್ಲಿ ಸಿಗೋಣ" ಎಂದು ಇಟ್ಟುಬಿಟ್ಟ. ಜೈಲಿಗೆ ಮಾಡಿದೆ. ಕೈದಿಯನ್ನು ಕರೆದುಕೊಂಡು ಹೊರಟಾಯಿತು, ಏನಿದ್ದರೂ ಅವರ ವಕೀಲರಿಗೆ ಹೇಳಿ ಎಂದರು.

ಅವರ ವಕೀಲರಿಗೆ ಹೇಳಬೇಕಂತೆ!

ಮುಂದಿನ ವಿಮಾನ ನಾಳೆ ಬೆಳಗ್ಗೆ. ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಐದು ನಿಮಿಷ. ಮೂರು ಗಂಟೆಗೆ ಉಳಿದಿರುವುದು ಮೂರು ಗಂಟೆ ಐವತ್ತೈದು ನಿಮಿಷ. ಸೈರನ್ ಹಾಕಿದ ಪೊಲೀಸ್ ಜೀಪಿಗೆ ಬೇಕಾದದ್ದು ನಾಲ್ಕು ಗಂಟೆ ಐದು ನಿಮಿಷ.

ಹತ್ತು ನಿಮಿಷ ಕಮ್ಮಿ. ಆ ರಸ್ತೆಯನ್ನು ಅಷ್ಟು ಬೇಗ ದಾಟಲು ಯಾರಪ್ಪನಿಂದಲೂ ಆಗುವುದಿಲ್ಲ ಎಂದು ಮೇಜು ಕುಟ್ಟಿ ವಾದಿಸಿದವನು ನಾನೇ.

ತಕ್ಕಡಿ ಅಕ್ಕ ಎದ್ದು ನಿಂತಿದ್ದಳು. ದಾರದ ಕಟ್ಟಿನಿಂದ ಆ ಹಳದಿ ಹಾಳೆಯನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ನನ್ನ ಅಂಗಿಯ ಜೇಬಿಗೆ ತುರುಕಿದಳು.

"ಮ್ಯಾನೇಜರ್ ಬಂದ್ರೆ?"

"ಬೈತಾರೆ. ಬೈಸ್ಕೊಂಡು ಅಭ್ಯಾಸ ಇದೆ. ಇಪ್ಪತ್ತಾರು ವರ್ಷ ಈ ಮುಳ್ಳು ನೋಡಿದ್ದೀನಿ ಸಾರ್, ಅದು ಸುಳ್ಳು ಹೇಳಿಲ್ಲ. ಅದು ಹೇಳಿದ್ದನ್ನ ಜಡ್ಜೂ ಕೇಳ್ಲಿ. ಹೋಗಿ, ನಿಂತೇ ಇದ್ದೀರಲ್ಲಾ!"

ಓಡಿದೆ. ಬಾಗಿಲು ತಳ್ಳಿಕೊಂಡು ಹೊರಬಿದ್ದರೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಾರು ನಿಲ್ಲಿಸುವ ಬಯಲಿನಲ್ಲಿ ನನ್ನ ಹಳೇ ಕಾರು ಬೇಲಿಯ ಪಕ್ಕ ಮೂತಿ ಹೊರಗೆ ಮಾಡಿ ನಿಂತಿತ್ತು. ಆ ಮೂತಿಗೆ ಅಡ್ಡಲಾಗಿ, ಒಂದು ಗೇಣೂ ಜಾಗ ಬಿಡದೆ, ಇನ್ನೊಂದು ಕಾರು ನಿಂತಿತ್ತು.

ಅದರ ಬಾಗಿಲಿಗೆ ಒರಗಿ ನಿಂತಿದ್ದವನು ನನ್ನನ್ನು ಕಂಡು ನೆಟ್ಟಗಾದ. ಬಿಳಿ ಅಂಗಿ, ಕಂಕುಳಲ್ಲಿ ಕೋರ್ಟಿನ ಕಡತ. ಲಾಯರಮ್ಮನ ಗುಮಾಸ್ತ.

"ನಮಸ್ಕಾರ ಸಾರ್. ಅಮ್ಮ ಕಳಿಸಿದ್ರು. ಏನೋ ಹಾಳೆ ಇದೆಯಂತಲ್ಲ."

"ಯಾವಾಗ ಹೊರಟ್ಯಪ್ಪಾ ಅಲ್ಲಿಂದ?"

"ನಿಮ್ಮ ಫೋನು ಬಂತಲ್ಲ ಸಾರ್, ಆಗಲೇ. ಸೀದಾ ಬಂದೆ."

ನಾನು ಕೈಗಡಿಯಾರ ನೋಡಿಕೊಂಡೆ. ಫೋನು ಮಾಡಿ ಮೂವತ್ತೊಂಬತ್ತು ನಿಮಿಷವಾಗಿತ್ತು. ಇನ್ನೂರ ಅರವತ್ಮೂರು ಕಿಲೋಮೀಟರು, ನಲವತ್ತೊಂದು ತಿರುವು. ಅವನ ಕಾರಿನ ಗಾಜಿನ ಮೇಲೆ ದಾರಿಯ ಒಂದು ಚೂರು ಧೂಳೂ ಇರಲಿಲ್ಲ.

ಅವನು ನನ್ನ ಜೇಬಿನಿಂದ ಇಣುಕುತ್ತಿದ್ದ ಹಳದಿ ಅಂಚನ್ನು ನೋಡಿದ. ಆಮೇಲೆ ತನ್ನ ಕಾರಿನ ಬೀಗದಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಎರಡೂ ಕೈ ಮುಂದೆ ಮಾಡಿದ.

"ಕೊಡಿ ಸಾರ್. ಪುಟ್ಟಿಗೂ ಹೇಳಿಬಂದಿದ್ದೀನಿ, ಮಾಮ ಇವತ್ತು ತಡವಾಗಿ ಬರ್ತಾರೆ ಅಂತ. ಪಾಪ, ನಿಮ್ಮ ಮನೆ ಗೇಟಿನ ಹತ್ರ ಒಬ್ಬಳೇ ಆಡ್ತಾ ಇದ್ಲು."